ಚೌಕಟ್ಟಿನ ಮೇಲೊಂದು ಕೂದಲೆಳೆ

ಬೋಳುತಲೆಯವನಿಗೆ ಕೂದಲಿನ ಭಯ ಇರಬಾರದು, ಅದು ಲೋಕನ್ಯಾಯ. ಆದರೆ ಮೆಣಸಿನ ಕುಯ್ಲಿನ ದಿನಗಳಲ್ಲೊಂದು ಬೆಳಿಗ್ಗೆ, ಬೆಳಗೋಡಿನ ನಮ್ಮ ಮನೆಯ ಜಗಲಿಗೆ ಒರಗಿಸಿದ್ದ ಮಗಳ ಸೈಕಲ್ಲಿನ ಮೇಲೆ ಒಂದು ಕೂದಲೆಳೆ ಕಂಡು, ಹೆಗಲ ಟವೆಲ್ಲಿನಿಂದ ಒರೆಸಿದೆ, ಹೋಗಲಿಲ್ಲ. ಉಗುರಿನಿಂದ ಕೆರೆದೆ, ಉಗುರು ಅಲ್ಲೇ ಸಣ್ಣಗೆ ತಡೆಯಿತು. ಅದು ಕೂದಲಲ್ಲ, ಬಿರುಕು.

ಸೈಕಲ್ ಎಂದೊಡನೆ ನಿಮಗೆ ಹಾಲಿನ ಕ್ಯಾನು ತೂಗಿಕೊಂಡು ಬರುವ ಸಾಧುವಾಹನ ನೆನಪಾದೀತು. ನನ್ನ ಮಗಳು ಭೂಮಿಕಾಳದ್ದು ಆ ಜಾತಿಯದಲ್ಲ. ಗುಡ್ಡ ಹತ್ತಿ, ಬಂಡೆ ಇಳಿದು, ಚರಂಡಿ ಹಾರುವ ಪಂದ್ಯಕ್ಕೆಂದೇ ಹುಟ್ಟಿದ್ದು. ಹತ್ತುವಾಗ ಭಾರವಾಗಬಾರದೆಂದು ಅದರ ಚೌಕಟ್ಟನ್ನು ಕಾರ್ಬನ್ ನೂಲು ಪದರಪದರವಾಗಿ ಅಂಟಿಸಿ ಮಾಡಿದ್ದಾರೆ. ನನ್ನಂಥ ಕೃಶಕಾಯನೂ ಒಂದೇ ಕೈಯಲ್ಲಿ ಎತ್ತಬಹುದು. ಇಳಿಯುವಾಗ ಸವಾರರ ಬೆನ್ನೆಲುಬು ಉಳಿಯಲೆಂದು ಮುಂದೊಂದು, ಹಿಂದೊಂದು ಗಾಳಿ ತುಂಬಿದ ಶಾಕ್ ಅಬ್ಸಾರ್ಬರು. ಪುಟ್ಟ ಪಂಪಿನಿಂದ ಅವಕ್ಕೆ ಗಾಳಿ ಹಾಕುತ್ತ ಅವಳು ನನಗೆ ಪಾಠ ಹೇಳಿದ್ದಳು: "ಕೂತ ತಕ್ಷಣ ಒಂಚೂರು ಕುಸೀಬೇಕು ಅಪ್ಪಾ. ಬಿಗಿಯಾಗಿದ್ರೆ ಗುಂಡಿ ಬಂದಾಗ ಚಕ್ರ ಕೆಳಗಿಳಿಯಲ್ಲ, ನಮ್ಮನ್ನೇ ಎತ್ತಿ ಒಗೆದ್ಬುಡ್ತೈತೆ." ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ನಾನು ಗಂಭೀರವಾಗಿ ತಲೆಯಾಡಿಸಿದ್ದೆ. ತಲೆಯಾಡಿಸುವ ವಿದ್ಯಾರ್ಥಿಗೆ ಏನೂ ತಲೆಗೆ ಹೋಗಿಲ್ಲವೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆ ಬಿರುಕಿನ ಕರ್ತೃ ಯಾರೆಂಬುದೂ ನನಗೆ ಗೊತ್ತಿತ್ತು. ಹಿಂದಿನ ದಿನ ಕೆ. ಹೊಸಕೋಟೆಯ ಗುಡ್ಡದಲ್ಲಿ ಅಭ್ಯಾಸ ಮುಗಿಸಿದ ಅವಳನ್ನು ಕರೆತರಲು ನಾನೇ ಪಿಕಪ್ ಒಯ್ದಿದ್ದೆ. "ಚಕ್ರಕ್ಕೆ ಮಾತ್ರ ಹಗ್ಗ ಹಾಕು" ಎಂದು ಹೇಳಿ ಅವಳು ಮುಂದಿನ ಸೀಟಿಗೆ ಹೋದಳು. ಕಾಫಿ ಮೂಟೆ ಕಟ್ಟಿ ಪಳಗಿದ ಕೈಗೆ ಅಷ್ಟರಿಂದ ತೃಪ್ತಿಯಾದೀತೇ? ಮಗಳ ವಸ್ತು ಅಲುಗಬಾರದೆಂಬ ವಾತ್ಸಲ್ಯದಿಂದ ಚೌಕಟ್ಟಿನ ಮೇಲಿನ ಕೊಳವೆಗೆ ಹಗ್ಗ ಎರಡು ಸುತ್ತು ಹಾಕಿ, ಮೂಟೆಗೆ ಮಾಡುವಂತೆಯೇ ನಡುವೆ ಒಂದು ಕೋಲು ಸಿಕ್ಕಿಸಿ, ಹಗ್ಗ ಕಿರುಗುಟ್ಟುವ ತನಕ ತಿರುಚಿ ಬಿಗಿದೆ. ಚಿಟ್ ಎಂದಿತು. ಕೋಲು ಸೀಳಿತೆಂದುಕೊಂಡೆ.

ಬಿರುಕು ಕಂಡ ಮರುದಿನವೇ ದೋಣಿಗಲ್ ಕಡೆಯ ಎಸ್ಟೇಟೊಂದರಲ್ಲಿ ಪಂದ್ಯ. ಹೇಳಿದರೆ, ಅವಳ ಒಂದು ವರ್ಷದ ಶ್ರಮವನ್ನು ನನ್ನ ಒಂದು ಗಂಟು ನುಂಗಿತೆಂದು ಒಪ್ಪಿಕೊಳ್ಳಬೇಕು. ಹೇಳದಿದ್ದರೆ, ಇಳಿಜಾರಿನ ನಡುವೆ ಕೊಳವೆ ಮುರಿದು... ಆ ವಾಕ್ಯವನ್ನು ಮನಸ್ಸಿನಲ್ಲೂ ಪೂರ್ತಿ ಮಾಡಲು ಧೈರ್ಯವಾಗಲಿಲ್ಲ. ಮೇಲಿನ ಬಣ್ಣ ಮಾತ್ರ ಬಿರಿದಿರಬೇಕು ಎಂದು ಸಮಾಧಾನ ಹೇಳಿಕೊಂಡು, ಹೇಡಿಗಳಿಗೆ ಸಹಜವಾದ ಚುರುಕಿನಿಂದ ತೋಟಕ್ಕೆ ನಡೆದುಬಿಟ್ಟೆ.

ತೋಟದಲ್ಲಿ ನಮ್ಮ ಕೆಲಸದಾಳು ತಿಮ್ಮಯ್ಯ ಮೆಣಸು ಕುಯ್ಯುತ್ತಿದ್ದ. ಅವನದೊಂದು ಪದ್ಧತಿ: ಪ್ರತಿ ಮರಕ್ಕೂ ಏಣಿ ಆನಿಸುವ ಮೊದಲು ಕತ್ತಿಯ ಹಿಡಿಯಿಂದ ಬಿದಿರನ್ನು ಬುಡದಿಂದ ತುದಿಯವರೆಗೆ ತಟ್ಟಿ, ಕಿವಿಗೊಟ್ಟು ಕೇಳುತ್ತಾನೆ. ಎರಡು ಗಂಟೆ ಹೊತ್ತು ಆ ಸದ್ದನ್ನು ಕೇಳಿ ಕೇಳಿ ತಡೆಯಲಾರದೆ ಅವನನ್ನು ಜಗಲಿಗೆ ಕರೆತಂದೆ. ಅವನು ಸೈಕಲ್ಲನ್ನೂ ಹಾಗೆಯೇ ತಟ್ಟಿದ.

"ಇಲ್ಲಿ ಟಣ್ ಅಂತೈತೆ, ಇಲ್ಲಿ ಬೊದ್ ಅಂತೈತೆ. ಏಣಿ ಹಿಂಗಂದಿದ್ರೆ ನಾನಂತೂ ಹತ್ತಾಕಿಲ್ಲ ಕಣ್ರೀ ಮೇಷ್ಟ್ರೇ."

ಅಷ್ಟರಲ್ಲಿ ಭೂಮಿಕಾ ಹೆಲ್ಮೆಟ್ ಬಿಗಿದುಕೊಂಡು ಹೊರಗೆ ಬಂದಳು. ಇನ್ನೊಂದು ಸುತ್ತು ಹೋಗಿಬರುತ್ತಾಳಂತೆ. ನಾನು ಹ್ಯಾಂಡಲ್ಲನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಕಲಿಸಿದ ವ್ಯಾಕರಣವೆಲ್ಲ ಕೈಕೊಟ್ಟು, "ಹಗ್ಗ... ಕೋಲು... ನಾನೇ" ಎಂದಷ್ಟೇ ತೊದಲಿದೆ. ಅವಳು ಬಗ್ಗಿ ಗೆರೆಯನ್ನು ನೋಡಿದಳು.

"ಯಾವಾಗ ನೋಡ್ದೆ?"

"ಬೆಳಿಗ್ಗೆ, ಕಾಫಿ ಹೊತ್ತಿಗೆ."

"ನೀನ್ ತೋಟಕ್ ಹೋದ್ಮೇಲೆ ಇದ್ರಲ್ಲೇ ಮನೆ ಹಿಂದಿನ ಬಂಡೆ ಇಳಿದ್ ಬಂದೆ ಅಪ್ಪಾ. ಎರಡು ಸಲ."

ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಜಗಲಿಯ ಅಂಚಿನಲ್ಲಿ ಕುಸಿದು ಕೂತೆ. ಶಾಕ್ ಅಬ್ಸಾರ್ಬರಿನ ಪಾಠ ನನ್ನ ಬೋಳುತಲೆಯೊಳಗೆ ಇಳಿದದ್ದು ಆಗಲೇ. ಬೆಳಿಗ್ಗೆಯೇ ಒಂಚೂರು ಕುಸಿದು "ತಪ್ಪಾಯ್ತು ಮಗಳೇ" ಎಂದಿದ್ದರೆ ಅವಳು ಆ ಬಂಡೆ ಇಳಿಯುತ್ತಲೇ ಇರಲಿಲ್ಲ. ಆ ಸೈಕಲ್ಲನ್ನು ರಚಿಸಿದ ತಜ್ಞರು ಕಲ್ಲು, ಗುಂಡಿ, ಬೇರು ಎಲ್ಲವನ್ನೂ ಆಲೋಚಿಸಿದ್ದರು. ಅಪ್ಪನೊಬ್ಬ ಅಕ್ಕರೆಯಿಂದ ಅಡ್ಡಡ್ಡ ಹಿಂಡುತ್ತಾನೆಂದು ಪಾಪ, ಅವರಿಗೆ ಹೇಗೆ ಹೊಳೆಯಬೇಕು?

ಅವಳು ತನ್ನ ಹಳೆಯ ಸೈಕಲ್ಲಿನಲ್ಲೇ ಪಂದ್ಯಕ್ಕೆ ಇಳಿದಳು. ಅದಕ್ಕೆ ಹಿಂದೆ ಶಾಕ್ ಇಲ್ಲ, ತೂಕವೂ ಹೆಚ್ಚು. ಮುಂದಿನವರೆಲ್ಲ ಬಂದು ನೀರು ಕುಡಿದು ಕೂತ ಮೇಲೆ, ಕೆಸರು ಮೆತ್ತಿಕೊಂಡು, ಅಂಗೈ ಸುಲಿದುಕೊಂಡು ಬಂದಳು. ಬದುಕಿ ಬಂದಳಲ್ಲ ಎಂದು ನಾನು ಎಲ್ಲರೆದುರು ಅತ್ತುಬಿಟ್ಟೆ.

ಈಗ ಆ ಚೌಕಟ್ಟು ತೇಪೆ ಹಾಕಿಸಿಕೊಂಡು ಮನೆಗೆ ಮರಳಿದೆ. ನಿನ್ನೆ ಅದರ ಮೇಲೆ ಮತ್ತೊಂದು ಕೂದಲೆಳೆ ಕಂಡಿತು. ಟವೆಲ್ಲನ್ನು ಮುಟ್ಟಲೇ ಇಲ್ಲ. "ಭೂಮೀ, ಬೇಗ ಬಾ ಇಲ್ಲಿ!" ಎಂದು ಕೂಗಿದೆ. ಅವಳು ಓಡಿಬಂದು, ಎರಡು ಬೆರಳಿನಿಂದ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ಬಿಳಿಯದು, ಗಿಡ್ಡದು. ನನ್ನ ತಲೆಯ ಕಡೆ ನೋಡಿದಳು.

"ನಿಂದೇ ಕಣಪ್ಪಾ."

ಉಳಿದಿರುವ ನಾಲ್ಕರಲ್ಲಿ ಒಂದು ಉದುರಿದ್ದಕ್ಕೆ ಇಷ್ಟು ಸಂತೋಷಪಟ್ಟವನು ಲೋಕದಲ್ಲಿ ಇನ್ನೊಬ್ಬನಿರಲಾರ. ಆದರೂ ಅವಳು ಜೇಬಿನಿಂದ ನಾಣ್ಯ ತೆಗೆದು ಕೊಳವೆಯ ಉದ್ದಕ್ಕೂ ತಟ್ಟುತ್ತ ಹೋದಳು. ನಾನು ಪಕ್ಕದಲ್ಲಿ ಬಗ್ಗಿ, ಉಸಿರು ಬಿಗಿಹಿಡಿದು, ಕಿವಿಗೊಟ್ಟೆ. ಟಣ್. ಟಣ್. ಟಣ್.