ಈಸ್ಟ್ ಹಿಲ್‌ನ ಬ್ಯಾಂಡ್ ಮೇಷ್ಟ್ರು

ಕ್ಲಿಯೋಫಸ್ ಹಾರ್‌ಗ್ರೋವ್ ಮೇಷ್ಟ್ರು ರಸ್ತೆಯಲ್ಲಿ ಬರುವುದು ಕಂಡರೆ ಸಾಕು, ಈಸ್ಟ್ ಹಿಲ್ ಕೇರಿಯ ಮಕ್ಕಳು ಬಾಯಲ್ಲಿದ್ದ ಚ್ಯೂಯಿಂಗ್ ಗಮ್ಮನ್ನು ಹಾಗೇ ನುಂಗಿಬಿಡುತ್ತಿದ್ದರು. ಸದಾ ಜಗಿಯುವ ಬಾಯಿಗೆ ಟ್ರಂಪೆಟ್ ಒಲಿಯುವುದಿಲ್ಲ ಎಂಬುದು ಮೇಷ್ಟ್ರ ಹಟ. ಬ್ಯಾಂಡಿನಲ್ಲಿ ಇಲ್ಲದ ಮಕ್ಕಳೂ ನುಂಗುತ್ತಿದ್ದರು. ಇವತ್ತಲ್ಲ ನಾಳೆ ತಮ್ಮನ್ನೂ ಸೇರಿಸಿಕೊಂಡಾರು ಎಂಬ ಆಸೆ ಯಾರಿಗಿರಲಿಲ್ಲ?

ಕೋಸಾ ಬೆಂಡ್ ಅಲಬಾಮಾದ ಒಂದು ಸಣ್ಣ ಊರು. ಮೇಷ್ಟ್ರ ಅಪ್ಪ ಅಲ್ಲಿನ ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದು, ಅದೇ ಮಿಲ್ಲಿಗೆ ಎರಡು ಬೆರಳು ಕೊಟ್ಟು ಬಂದವರು. ಮಗನಿಗೆ ಆ ಗತಿ ಬೇಡವೆಂದು ಓದಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಮಗ ಸೇನೆಗೆ ಹೋದ. ಕಪ್ಪು ಸೈನಿಕರ ಪಡೆಯೇ ಬೇರೆ, ಅದರ ಬ್ಯಾಂಡೂ ಬೇರೆ. ಟ್ರಂಪೆಟ್ಟಿನಂಥದೇ ಕಾರ್ನೆಟ್ ಊದುವುದನ್ನು ಅವರು ಕಲಿತಿದ್ದು ಅಲ್ಲಿ. ಯುದ್ಧ ಮುಗಿದ ಮೇಲೆ ಕಾಲೇಜು ಮಾಡಿಕೊಂಡು ಊರಿಗೆ ಮರಳಿ, ಕಪ್ಪು ಮಕ್ಕಳಿಗೆಂದೇ ಇದ್ದ ಈಸ್ಟ್ ಹಿಲ್ ಶಾಲೆಯಲ್ಲಿ ಬ್ಯಾಂಡ್ ಕಟ್ಟಿದರು.

ಕಟ್ಟಿದರು ಎನ್ನುವುದು ಸುಮ್ಮನೆ ಮಾತಿಗಲ್ಲ. ಊರಿನ ಬಿಳಿಯರ ಹೈಸ್ಕೂಲು ಬೇಡವೆಂದು ಎಸೆದ ವಾದ್ಯಗಳನ್ನು ತಂದು, ತಗ್ಗು ಬಿದ್ದಲ್ಲಿ ಬಡಿದು, ತೂತಿಗೆ ಬೆಸುಗೆ ಹಾಕಿಸಿ ಊದುವ ಹಾಗೆ ಮಾಡಿದರು. ಮೆರೂನ್ ಬಣ್ಣದ ಕೋಟುಗಳನ್ನು ಕೇರಿಯ ತಾಯಂದಿರು ಹೊಲಿದುಕೊಟ್ಟರು. ಮೇಷ್ಟ್ರ ಹೆಂಡತಿ ಅರ್ಡೀಲಿಯಾ ಒಬ್ಬಳೇ ಎಷ್ಟೋ ಕೋಟುಗಳಿಗೆ ಚಿನ್ನದ ಬಣ್ಣದ ಜರಿಪಟ್ಟಿ ಕೂರಿಸಿದಳು. "ನನ್ನ ಮದುವೆ ಗೌನಿಗೂ ಇಷ್ಟು ಜರಿ ಇರ್ಲಿಲ್ಲ ಕಣ್ರೀ" ಎಂದು ಮುನಿಸು ತೋರಿಸುತ್ತಲೇ ಮುಂದಿನದಕ್ಕೆ ಸೂಜಿ ಪೋಣಿಸುತ್ತಿದ್ದಳು.

ಪ್ರತಿ ವರ್ಷ ಕ್ರಿಸ್‌ಮಸ್ ಮೆರವಣಿಗೆಯಲ್ಲಿ ಬಿಳಿಯರ ಬ್ಯಾಂಡು ಮುಂದೆ, ನಡುವೆ ಮೇಯರ್ ಸಾಹೇಬರ ಕಾರು, ಆಮೇಲೆ ಕುದುರೆ ಸವಾರರು, ಕಟ್ಟಕಡೆಗೆ ಈಸ್ಟ್ ಹಿಲ್. ಕುದುರೆಗಳು ದಾರಿಯುದ್ದಕ್ಕೂ ಏನು ಬಿಟ್ಟು ಹೋಗುತ್ತವೆಂದು ಹೇಳಬೇಕಾಗಿಲ್ಲ. ಮೊದಲ ವರ್ಷ ಮಕ್ಕಳ ಬಿಳಿ ಬೂಟುಗಳು ಹಾಳಾದವು. ಎರಡನೇ ವರ್ಷ ಮೇಷ್ಟ್ರು ಮಕ್ಕಳಿಗೆ ಮೊಣಕಾಲನ್ನು ಎದೆಯ ಮಟ್ಟಕ್ಕೆ ಎತ್ತಿ, ಅರೆಗಳಿಗೆ ನಿಲ್ಲಿಸಿ, ಜಾಗ ನೋಡಿ ಇಳಿಸುವ ಹೆಜ್ಜೆ ಕಲಿಸಿದರು. ಲದ್ದಿ ದಾಟಲೆಂದು ಹುಟ್ಟಿದ ಆ ಹೆಜ್ಜೆ ಡ್ರಮ್ಮಿನ ತಾಳಕ್ಕೆ ಕೂಡಿಕೊಂಡ ಮೇಲೆ ಎಂಥ ಸೊಗಸು ಬಂತೆಂದರೆ, ಅಕ್ಕಪಕ್ಕದ ಊರುಗಳ ಕಪ್ಪು ಶಾಲೆಗಳೆಲ್ಲ ಅದನ್ನೇ ಕದ್ದವು. ಮೆರವಣಿಗೆಯ ಮುಂಭಾಗ ಹೋಗುವವರೆಗೆ ಕೇರಿಯ ಜನ ಕೈಕಟ್ಟಿ ನಿಂತಿರುತ್ತಿದ್ದರು. ಈಸ್ಟ್ ಹಿಲ್ ಬಂದಿತೋ, ಮುದುಕಿಯರೂ ಬ್ಯಾಂಡಿನ ಜೊತೆ ಫುಟ್‌ಪಾತಿನ ಮೇಲೆ ಓಡುತ್ತಿದ್ದರು.

ಹೀಗೆ ಇಪ್ಪತ್ತು ವರ್ಷ ನಡೆಯಿತು. ೧೯೭೦ರ ಬೇಸಿಗೆಯಲ್ಲಿ, ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಒಂದೇ ಶಾಲೆಯಲ್ಲಿ ಓದತಕ್ಕದ್ದು ಎಂದು ಕೋರ್ಟು ಖಡಾಖಂಡಿತವಾಗಿ ಹೇಳಿತು. ಕೇರಿಯ ಜನ ಇಗರ್ಜಿಯಲ್ಲಿ ಕುಣಿದಾಡಿದರು. ಆದರೆ ಒಂದೇ ಶಾಲೆ ಎಂದರೆ ಯಾವ ಶಾಲೆ ಎಂದು ಆಗ ಯಾರೂ ಕೇಳಲಿಲ್ಲ. ಜುಲೈಯಲ್ಲಿ ಉತ್ತರ ಬಂತು. ಈಸ್ಟ್ ಹಿಲ್‌ಗೆ ಬೀಗ. ಮಕ್ಕಳು ಬಿಳಿಯರ ಹೈಸ್ಕೂಲಿಗೆ ಹೋಗಬೇಕು.

ಶಾಲೆಯ ಜವಾನ ಆಂಬ್ರೋಸ್ ಒಂದು ಬೆಳಿಗ್ಗೆ ಏದುಸಿರು ಬಿಡುತ್ತ ಮೇಷ್ಟ್ರ ಮನೆಗೆ ಬಂದ.

"ಮೇಷ್ಟ್ರೇ, ಬೇಗ ಹೊರಡಿ. ಕಪ್‌ಗಳು, ಶೀಲ್ಡ್‌ಗಳು ಎಲ್ಲಾನೂ ಕಸದ ಲಾರಿಗೆ ತುಂಬ್ತಾವ್ರೆ."

"ಯಾರು ತುಂಬಿಸ್ತಿರೋದು?"

"ಬೋರ್ಡಿನೋರು. ಹೊಸ ಸ್ಕೂಲಲ್ಲಿ ಇಡೋಕೆ ಜಾಗ ಇಲ್ವಂತೆ."

ಮೇಷ್ಟ್ರು ಹೋಗುವಷ್ಟರಲ್ಲಿ ಲಾರಿ ಹೊರಟುಹೋಗಿತ್ತು. ಅಂಗಳದಲ್ಲಿ ಬಿದ್ದಿದ್ದ ಒಂದು ಕಪ್ಪಿನ ಹಿಡಿಯನ್ನು ಎತ್ತಿಕೊಂಡು ಜೇಬಿಗೆ ಹಾಕಿಕೊಂಡರು. ನಂತರ ಕಟ್ಟಡವನ್ನೂ ಕೆಡವಿದರು. ಜಾಗದಲ್ಲಿ ಕೆಂಪು ಮಣ್ಣು ಉಳಿಯಿತು, ಪೈನ್ ಸಸಿ ಎದ್ದವು.

ಹೊಸ ಶಾಲೆಯಲ್ಲಿ ಬ್ಯಾಂಡ್ ಮೇಷ್ಟ್ರು ಲ್ಯಾಸಿಟರ್ ಎಂಬ ಬಿಳಿಯ, ವಯಸ್ಸಿನಲ್ಲಿ ಹಾರ್‌ಗ್ರೋವ್‌ಗಿಂತ ಹದಿನೈದು ವರ್ಷ ಚಿಕ್ಕವರು. ಹಾರ್‌ಗ್ರೋವ್ ಅವರಿಗೆ ಸಹಾಯಕ. ವಾದ್ಯ ಒರೆಸುವುದು, ಶ್ರುತಿ ನೋಡುವುದು, ಊಟದ ಹೊತ್ತಿನಲ್ಲಿ ಹಜಾರ ಕಾಯುವುದು, ಇಷ್ಟೇ ಕೆಲಸ. ಬಿಳಿಯ ಮೇಷ್ಟ್ರುಗಳೆಲ್ಲ ಮಿಸ್ಟರ್ ಇಂಥವರು. ಇವರು ಮಾತ್ರ ಬರಿಯ ಕ್ಲಿಯೋ.

"ಕ್ಲಿಯೋ, ಆ ಟ್ಯೂಬಾ ಒರೆಸಿಡು."

"ಕ್ಲಿಯೋ, ನಿನ್ನ ಹುಡುಗರಿಗೆ ಸಾಲಲ್ಲಿ ಕೂರೋಕೆ ಹೇಳು."

ಮೇಷ್ಟ್ರು ಒರೆಸಿಟ್ಟರು, ಹೇಳಿದರು. ಸಂಜೆ ಮನೆಗೆ ಬಂದು, ಬೂಟು ಕೂಡ ಬಿಚ್ಚದೆ ಜಗಲಿಯಲ್ಲಿ ಕೂತರು.

ಸೆಪ್ಟೆಂಬರಿನಲ್ಲಿ ಮೊದಲ ಫುಟ್‌ಬಾಲ್ ಪಂದ್ಯದ ಮುನ್ನಾದಿನ ಇಡೀ ಶಾಲೆ ಜಿಮ್ಮಿನಲ್ಲಿ ಸೇರಿತು. ಶಾಲೆಯ ಹಾಡೆಂದು ಅವರು ನುಡಿಸುತ್ತಿದ್ದುದು ಗುಲಾಮಗಿರಿಯ ಕಾಲವನ್ನು ನೆನೆನೆನೆದು ಹಿಗ್ಗುವ ದಕ್ಷಿಣ ರಾಜ್ಯಗಳ ಬಿಳಿಯರ ಹಳೇ ಯುದ್ಧಗೀತೆ. ಲ್ಯಾಸಿಟರ್ ತಾಳದ ಕೋಲೆತ್ತಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ವರ್ನಾ ಟಾಲಿವರ್ ಟ್ರಂಪೆಟ್ಟನ್ನು ಬಾಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡಳು. ಹದಿನೇಳರ ಹುಡುಗಿ, ಈಸ್ಟ್ ಹಿಲ್ ಕಂಡ ಅತ್ಯಂತ ಗಟ್ಟಿ ಉಸಿರು ಅವಳದು. ಅವಳನ್ನು ನೋಡಿ ಪಕ್ಕದವನು ಇಳಿಸಿದ. ಒಬ್ಬರ ಹಿಂದೊಬ್ಬರಂತೆ ಕಪ್ಪು ಮಕ್ಕಳೆಲ್ಲ ವಾದ್ಯ ಕೆಳಗಿಟ್ಟರು. ಹಾಡು ಅರ್ಧ ಜೀವದಲ್ಲಿ ಕುಂಟಿ ನಿಂತುಹೋಯಿತು.

ಪ್ರಿನ್ಸಿಪಾಲರು ಕೆಂಪಗಾಗಿ ಹಾರ್‌ಗ್ರೋವ್ ನಿಂತಿದ್ದ ಬಾಗಿಲ ಬಳಿಗೆ ಬಂದರು.

"ಕ್ಲಿಯೋ, ಏನಿದು? ನಿನ್ನ ಮಕ್ಕಳು ತಾನೇ? ನುಡಿಸೋಕೆ ಹೇಳು."

"ಜೂನ್‌ವರೆಗೆ ನನ್ನ ಮಕ್ಕಳಾಗಿದ್ರು ಸಾರ್. ಈಗ ಮಿಸ್ಟರ್ ಲ್ಯಾಸಿಟರ್ ಅವರ ಮೇಷ್ಟ್ರು ಅಂತ ನೀವೇ ತಾನೇ ಹೇಳಿದ್ದು?"

"ನನ್ ಹತ್ರ ನಾಟಕ ಆಡ್ಬೇಡ. ಹೇಳ್ತೀಯೋ ಇಲ್ವೋ?"

"ಹೇಳಲ್ಲ ಸಾರ್."

ಅಷ್ಟರಲ್ಲಿ ಮೇಲಿನ ಸಾಲಿನಿಂದ ಒಂದು ಬೈಗುಳ ಬಂತು, ಅದರ ಬೆನ್ನಿಗೇ ಒಂದು ಬಾಟಲಿ. ಆಮೇಲೆ ಯಾರು ಯಾರನ್ನು ಹೊಡೆದರೆಂದು ಹೇಳುವುದು ಕಷ್ಟ. ಕುರ್ಚಿಗಳು ಹಾರಿದವು, ಹುಡುಗಿಯರು ಚೀರಿದರು, ಪೊಲೀಸರು ಬಂದರು. ಹೊಡೆದಾಟದ ನಡುವೆ ಯಾರೋ ವರ್ನಾಳ ಟ್ರಂಪೆಟ್ ಕಿತ್ತುಕೊಂಡು ಅದರಿಂದಲೇ ಅವಳ ಬಾಯಿಗೆ ಬಾರಿಸಿದ್ದರು. ಮೇಷ್ಟ್ರು ಅವಳನ್ನು ಎತ್ತಿಕೊಂಡು ಹೊರಗೆ ಬಂದಾಗ ಮೇಲ್ದುಟಿ ಎರಡಾಗಿ ಸೀಳಿತ್ತು.

ಡಾಕ್ಟರು ಹೊಲಿಗೆ ಹಾಕಿದರು. ಶಾಲೆಯವರು ವಾದ್ಯ ಇಳಿಸಿದ ಮಕ್ಕಳನ್ನೆಲ್ಲ ಅಮಾನತು ಮಾಡಿದರು. ಬಾಟಲಿ ಎಸೆದವರು ಯಾರೆಂದು ಯಾರಿಗೂ ಗೊತ್ತಾಗಲಿಲ್ಲವಂತೆ!

ಆ ವಾರ ಡೆಟ್ರಾಯಿಟ್‌ನಿಂದ ಮೇಷ್ಟ್ರ ಅಣ್ಣನ ಫೋನು ಬಂತು. ಅಲ್ಲೊಂದು ಶಾಲೆಯಲ್ಲಿ ಬ್ಯಾಂಡ್ ಮೇಷ್ಟ್ರ ಕೆಲಸ ಖಾಲಿ ಇತ್ತು. ಊಟಕ್ಕೆ ಕೂತಾಗ ಅರ್ಡೀಲಿಯಾ ಕರಿದ ಮೀನನ್ನು ತಟ್ಟೆಗೆ ಹಾಕುತ್ತ ಕೇಳಿದಳು:

"ಪೆಟ್ಟಿಗೆ ಕಟ್ಲಾ?"

"ನಿನಗೇನನ್ಸುತ್ತೆ?"

"ನನಗೇನನ್ಸುತ್ತೆ? ಅಲ್ಲಿ ಚಳಿ ಅನ್ಸುತ್ತೆ. ಆದ್ರೂ ಅಲ್ಲಿ ನಿಮ್ಮನ್ನ ಮಿಸ್ಟರ್ ಅಂತಾರೆ."

ಮೇಷ್ಟ್ರು ಮೀನಿನ ಮುಳ್ಳು ಬಿಡಿಸತೊಡಗಿದರು. ಮರುದಿನ ಇಗರ್ಜಿಯ ಪಾದ್ರಿಗಳನ್ನು ಕಂಡು ನೆಲಮಾಳಿಗೆಯ ಬೀಗದ ಕೈ ಕೇಳಿಕೊಂಡು ಬಂದರು. ಅರ್ಡೀಲಿಯಾ ಪೆಟ್ಟಿಗೆಯ ಮಾತು ಮತ್ತೆ ಎತ್ತಲಿಲ್ಲ. ಅಮಾನತಾದ ಮಕ್ಕಳಿಗೆ ಸಂಜೆ ಸಂಜೆ ಅಲ್ಲಿ ಅಭ್ಯಾಸ. ವರ್ನಾ ಬಂದು ಒಂದು ಮೂಲೆಯಲ್ಲಿ ಕೂರುತ್ತಿದ್ದಳು. ತುಟಿ ಕೂಡಿಕೊಂಡಿತ್ತು, ಆದರೆ ಹೊಲಿಗೆಯ ಜಾಗ ಮರಗಟ್ಟಿತ್ತು. ಊದಿದರೆ ಬರೀ ಗಾಳಿ.

ನವೆಂಬರಿನ ಒಂದು ಸಂಜೆ ಲ್ಯಾಸಿಟರ್ ಆ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದರು. ಟೋಪಿ ಕೈಯಲ್ಲಿತ್ತು. ಮಕ್ಕಳು ನುಡಿಸುವುದನ್ನು ನಿಲ್ಲಿಸಿದರು.

"ಮಿಸ್ಟರ್ ಹಾರ್‌ಗ್ರೋವ್," ಎಂದರು ಲ್ಯಾಸಿಟರ್. ಆ ಮಾತು ಅವರ ಬಾಯಿಗೂ ಹೊಸದು. "ನಿಮ್ಮ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು."

"ಹೇಳಿ."

"ಈ ಮಕ್ಕಳಿಲ್ದೆ ನನ್ನ ಬ್ಯಾಂಡು ಬ್ಯಾಂಡೇ ಅಲ್ಲ. ಆ ಹಾಡು ಇನ್ಮೇಲೆ ಇಲ್ಲ, ಪ್ರಿನ್ಸಿಪಾಲರಿಗೂ ಹೇಳಿ ಬಂದಿದೀನಿ. ಅಮಾನತು ವಾಪಸ್ ತಗೊಂಡ್ರು, ಟಾಲಿವರ್ ಹುಡುಗಿದೊಂದು ಬಿಟ್ಟು. ಅವಳ ಮಾತು ಕೇಳೋಕೇ ಅವರು ತಯಾರಿಲ್ಲ." ಟೋಪಿಯನ್ನು ಕೈಯಿಂದ ಕೈಗೆ ಬದಲಿಸಿದರು. "ಕ್ರಿಸ್‌ಮಸ್ ಮೆರವಣಿಗೆಗೆ ಆ ಮೊಣಕಾಲಿನ ಹೆಜ್ಜೆ ನಮ್ಮೋರಿಗೂ ಕಲಿಸ್ಕೊಡ್ತೀರಾ?"

ಮೇಷ್ಟ್ರು ವರ್ನಾಳ ಕಡೆ ನೋಡಿದರು. ಅವಳು ಗೋಡೆಗೆ ಮುಖ ತಿರುಗಿಸಿಕೊಂಡಿದ್ದಳು.

ಕಲಿಸಿದರು. ಬಿಳಿಯರ ಮಕ್ಕಳ ಮೊಣಕಾಲು ಏಳಬೇಕಲ್ಲ! "ತೊಡೆ ಎತ್ತಪ್ಪಾ, ಸೊಂಟ ಅಲ್ಲ!" ಎಂದು ಮೈದಾನದಲ್ಲಿ ಮೇಷ್ಟ್ರು ಕೂಗುತ್ತಿದ್ದರೆ ಕಪ್ಪು ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಡಿಸೆಂಬರಿನಲ್ಲಿ ಕಪ್ಪು ಬಿಳಿ ಬೆರೆತ ಬ್ಯಾಂಡು ಮೆರವಣಿಗೆಯ ಮುಂಚೂಣಿಯಲ್ಲಿ ನಡೆಯಿತು. ಕೆಲವು ಬಿಳಿಯರು ಬೆನ್ನು ತಿರುಗಿಸಿ ನಿಂತರು. ಅರ್ಡೀಲಿಯಾ ಮಾತ್ರ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: "ರೀ, ಕುದುರೆಗಳು ಹಿಂದೆ ಬಿದ್ವಲ್ರೀ!"

ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗಿಯಬೇಕಿತ್ತು. ಮುಂದಿನ ವರ್ಷ, ಆ ಹಾಡು ನಿಲ್ಲಿಸಿದ ತಪ್ಪಿಗೋ ಏನೋ, ಲ್ಯಾಸಿಟರ್ ಕೆಲಸ ಕಳೆದುಕೊಂಡರು. ಆ ಜಾಗಕ್ಕೆ ಹಾರ್‌ಗ್ರೋವ್ ಬರುತ್ತಾರೆಂದು ಕೇರಿಯೆಲ್ಲ ಕಾದಿತ್ತು. ಬಂದವನು ಆಗತಾನೇ ಕಾಲೇಜು ಮುಗಿಸಿದ ಒಬ್ಬ ಬಿಳಿ ಹುಡುಗ. ಅವನ ಕೈಕೆಳಗೂ, ಅವನ ನಂತರ ಬಂದವರ ಕೈಕೆಳಗೂ ಮೇಷ್ಟ್ರು ಸಹಾಯಕರಾಗಿಯೇ ದುಡಿದು ನಿವೃತ್ತರಾದರು. ವರ್ನಾ ಶಾಲೆ ಮುಗಿಸಲಿಲ್ಲ. ಷಿಕಾಗೋದ ಚಿಕ್ಕಮ್ಮನ ಮನೆಗೆ ಹೋದವಳು ಅಲ್ಲೇ ನರ್ಸ್ ಆದಳು.

೧೯೯೮ರ ಬೇಸಿಗೆಯಲ್ಲಿ ಸಿನಿಮಾದವರು ಊರಿಗೆ ಬಂದರು. ಕಪ್ಪು ಬಿಳಿ ಹುಡುಗರು ಕೂಡಿ ಫುಟ್‌ಬಾಲ್ ಕಪ್ ಗೆದ್ದ ಕಥೆಯಂತೆ. ಹಳೆಯ ಫೋಟೊಗಳನ್ನು ನೋಡಿಕೊಂಡು, ಹಿಂದೆ ಶಾಲೆಯಿದ್ದ ಅದೇ ಗುಡ್ಡದ ಮೇಲೆ, ಪೈನ್ ಮರಗಳನ್ನು ಕಡಿದು ಈಸ್ಟ್ ಹಿಲ್ ಶಾಲೆಯನ್ನು ಮತ್ತೆ ನಿಲ್ಲಿಸಿದರು.

ಮೇಷ್ಟ್ರು ಮೊದಲು ಹೋಗಲಿಲ್ಲ. "ಹಲಗೆಗೆ ಇಟ್ಟಿಗೆ ಬಣ್ಣ ಬಳಿದಿದ್ದನ್ನ ನೋಡೋಕೆ ನಾನ್ಯಾಕೆ ಹೋಗ್ಲಿ?" ಎಂದರು. ಆದರೆ ಕೇರಿಯವರು ಸುಮ್ಮನಿರಬೇಕಲ್ಲ. ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಕಾರು ಕಟ್ಟಿಕೊಂಡು ಬಂದರು. ಚಿತ್ರೀಕರಣಕ್ಕೆ ರಜೆಯಿದ್ದ ಭಾನುವಾರ ಇಗರ್ಜಿ ಮುಗಿಸಿ, ಮಡಚುವ ಕುರ್ಚಿ, ಜೋಳದ ಬ್ರೆಡ್ಡು, ಸಿಹಿಗೆಣಸಿನ ಪೈ ಹೊತ್ತುಕೊಂಡು ಎಲ್ಲರೂ ಗುಡ್ಡ ಹತ್ತಿದರು. ಅರ್ಡೀಲಿಯಾ ಗಂಡನ ಟೋಪಿ ತಂದು ಅವರ ತಲೆಗಿಟ್ಟಳು.

ದೂರದಿಂದ ನೋಡಿದರೆ ಹಳೇ ಶಾಲೆಯೇ. ಅದೇ ಮೆಟ್ಟಿಲು, ಅದೇ ಅಗಲ ಬಾಗಿಲು, ಬಾಗಿಲ ಮೇಲೆ ಅದೇ ಅಕ್ಷರ. ತಲೆ ನೆರೆತ ಗಂಡಸರು, ಬೊಜ್ಜು ಬಂದ ಹೆಂಗಸರು ಒಬ್ಬರನ್ನೊಬ್ಬರು ಹಳೆಯ ಅಡ್ಡಹೆಸರಿನಿಂದ ಕೂಗಿಕೊಳ್ಳುತ್ತಿದ್ದರು. "ಏ ಗೂಬೆ, ಇನ್ನೂ ಬದುಕಿದೀಯೇನೋ?" "ನಿನ್ನ ಸಾವಿಗೆ ಬರೋಣ ಅಂತ ಕಾಯ್ತಿದೀನಿ ಕಣೋ!" ಮೇಷ್ಟ್ರನ್ನು ಕಂಡದ್ದೇ ಐವತ್ತರ ಗಂಡಸೊಬ್ಬ ಬಾಯಲ್ಲಿದ್ದ ಗಮ್ಮನ್ನು ಗುಳಕ್ಕನೆ ನುಂಗಿದ.

ಮೇಷ್ಟ್ರು ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದರು. ಆಚೆ ಏನೂ ಇರಲಿಲ್ಲ. ಮುಂಗೋಡೆಯೊಂದೇ, ಅದಕ್ಕೆ ಆನಿಸಿದ ಮರದ ಆಸರೆಕೋಲು, ಅದರಾಚೆ ಕೆಂಪು ಮಣ್ಣು, ಆಕಾಶ. ಬಲಗಡೆ ಎರಡನೇ ಕೋಣೆ ತಮ್ಮದು ಎಂದು ಕಾಲು ತಾನಾಗಿ ಅತ್ತ ಹೊರಳಿತು. ಆ ಜಾಗದಲ್ಲಿ ಹೋಗಿ ನಿಂತರು. ಕಿಟಕಿಗಳು ಇರಬೇಕಾಗಿದ್ದ ಕಡೆಯಿಂದ ಗಾಳಿ ಬೀಸುತ್ತಿತ್ತು. ವಾದ್ಯಕ್ಕೆ ಹಾಕುತ್ತಿದ್ದ ಎಣ್ಣೆಯ ವಾಸನೆ, ಮಳೆಯಲ್ಲಿ ನೆನೆದ ಕೋಟುಗಳ ವಾಸನೆ, ತಾಳ ತಪ್ಪಿ ಓಡುತ್ತಿದ್ದ ಡ್ರಮ್ಮು, ಎಲ್ಲ ಒಟ್ಟಿಗೆ ನುಗ್ಗಿ ಬಂತು.

"ಮೇಷ್ಟ್ರೇ."

ಬಾಗಿಲಲ್ಲಿ ವರ್ನಾ ನಿಂತಿದ್ದಳು. ಕೂದಲು ನೆರೆತಿತ್ತು. ತುಟಿಯ ಮೇಲೆ ಕಲೆ ಸಣ್ಣಗೆ ಹೊಳೆಯುತ್ತಿತ್ತು.

"ನಿಮ್ಮ ಮೇಲೆ ನನಗೆ ತುಂಬಾ ದಿನ ಸಿಟ್ಟಿತ್ತು," ಎಂದಳು. "ಸಂಜೆ ನಮಗೆ ಪಾಠ ಹೇಳ್ತಿದ್ರಿ, ಬೆಳಿಗ್ಗೆ ಹೋಗಿ ಅವರ ಟ್ಯೂಬಾ ಒರೆಸ್ತಿದ್ರಿ. ಶಾಲೆಯೋರು ನನ್ನನ್ನ ಒಳಗೆ ಬಿಟ್ಕೊಳ್ದೇ ಇದ್ರೂ ಅವರಿಗೆ ಹೆಜ್ಜೆ ಕಲಿಸಿದ್ರಿ."

"ಹೂಂ."

"ಯಾಕೆ ಬಿಟ್ಟು ಹೋಗ್ಲಿಲ್ಲ ನೀವು?"

"ನನಗೂ ಸಿಟ್ಟಿತ್ತಮ್ಮ. ಆದ್ರೆ ಆ ಕಟ್ಟಡದೊಳಗೆ ನಮ್ಮ ಮಕ್ಕಳು ಇನ್ನೂ ಇದ್ರಲ್ಲ. ಅವರನ್ನ ಚಿಕ್ಕಂದಿನಿಂದ ಬಲ್ಲೋರು ಒಬ್ಬರಾದ್ರೂ ಅಲ್ಲಿರ್ಬೇಕು ಅನ್ನಿಸ್ತು. ನಿನ್ನ ವಿಷಯದಲ್ಲಿ ನಾನು ಜಗಳ ಆಡ್ಬೇಕಿತ್ತು. ನೀನು ಸಿಟ್ಟಾಗಿದ್ದು ಸರಿ."

ಸಿನಿಮಾದವರ ಸಾಮಾನಿನ ನಡುವೆ ಒಂದು ಟ್ರಂಪೆಟ್ ಬಿದ್ದಿತ್ತು. ವರ್ನಾ ಅದನ್ನು ಎತ್ತಿಕೊಂಡು ಸೆರಗಿನಂತಿದ್ದ ಶಾಲಿನ ತುದಿಯಿಂದ ಅದರ ಬಾಯಿ ಒರೆಸಿ, ತುಟಿಗಿಟ್ಟಳು. ಮೊದಲು ಗಾಳಿ ಬಂತು. ಆಮೇಲೆ ಒಂದು ಸ್ವರ, ಒಡಕು ದನಿ, ಅಂಚಿನಲ್ಲಿ ನಡುಗುತ್ತ.

"ಮೊಣಕೈ ಎತ್ತು," ಎಂದರು ಮೇಷ್ಟ್ರು.

ಅವಳು ಅಳುತ್ತಲೋ ನಗುತ್ತಲೋ ಎತ್ತಿದಳು. ಹೊರಗೆ ಮಾತೆಲ್ಲ ನಿಂತು, ಜನ ಒಬ್ಬೊಬ್ಬರಾಗಿ ಆ ಬರಿ ಬಾಗಿಲಿನಲ್ಲಿ ಬಂದು ನಿಂತರು.

ಸಿನಿಮಾ ಮರುವರ್ಷ ಊರಿನ ಥಿಯೇಟರಿಗೆ ಬಂತು. ಶಾಲೆ ಮುಚ್ಚುವ ದೃಶ್ಯ ಆರಂಭದಲ್ಲೇ ಇತ್ತು. ಬಾಗಿಲು ತೆರೆಯುತ್ತದೆ, ಮಕ್ಕಳು ಮೆಟ್ಟಿಲಿಳಿದು ಬರುತ್ತಾರೆ, ಅಷ್ಟೇ. ಬ್ಯಾಂಡಿನ ಸುದ್ದಿಯೇ ಇಲ್ಲ. ಮಿಕ್ಕಿದ್ದೆಲ್ಲ ಫುಟ್‌ಬಾಲು. ಕೊನೆಯ ಪಂದ್ಯ ಗೆದ್ದಾಗ ಕಪ್ಪು ಬಿಳಿ ಎನ್ನದೆ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು.

ಆ ವಾರವಿಡೀ ಮಧ್ಯಾಹ್ನದ ಆಟಕ್ಕೆ ಮೇಷ್ಟ್ರು ಹೆಂಡತಿಯೊಂದಿಗೆ ಹೋದರು. ಶಾಲೆಯ ದೃಶ್ಯ ಮುಗಿದ ಕೂಡಲೇ ಎದ್ದು ಬಂದುಬಿಡುತ್ತಿದ್ದರು. ಅರ್ಡೀಲಿಯಾ ಏಳುತ್ತಿರಲಿಲ್ಲ. "ನೀವು ಹೋಗಿ, ಆ ಹುಡುಗರು ಪಂದ್ಯ ಗೆಲ್ಲಲಿ, ಬರ್ತೀನಿ" ಎನ್ನುತ್ತಿದ್ದಳು. ಮೇಷ್ಟ್ರು ಥಿಯೇಟರಿನ ಎದುರಿನ ಬೆಂಚಿನಲ್ಲಿ, ಬಿಸಿಲಿಗೆ ಮುಖವೊಡ್ಡಿ, ಅವಳು ಬರುವವರೆಗೆ ಕಾಯುತ್ತಿದ್ದರು.