ಎರಡನೆಯ ಸಲದ ಕಾವು

ಹೋದ ಶನಿವಾರ ಸೌತ್‌ಹಾಲ್‌ನಿಂದ ತಂದ ಹೊಸ ಕಬ್ಬಿಣದ ಬಾಣಲೆಯನ್ನು ಪಳಗಿಸೋಣವೆಂದು ಎಣ್ಣೆ ಸವರಿ ಒಲೆಯ ಮೇಲಿಟ್ಟೆ. ಸಣ್ಣ ಉರಿಯಲ್ಲಿ ಮಾಡಬೇಕಾದ ಕೆಲಸ. ನನಗೆ ಕಾಯುವುದೆಂದರೆ ಆಗದು, ಉರಿ ಜೋರು ಮಾಡಿದೆ. ಹೊಗೆ ಎದ್ದು ಅಲಾರಂ ಕಿರುಚತೊಡಗಿತು. ಟವೆಲ್ ಬೀಸುತ್ತ ಕಿಟಕಿ ತೆರೆಯುವಾಗ ಕಾದ ಕಬ್ಬಿಣ, ಸುಟ್ಟ ಎಣ್ಣೆ ಎರಡೂ ಸೇರಿದ ಆ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಮನೆಯ ಕಾಕಾ ಅವರ ಶೆಡ್ಡಿನ ವಾಸನೆ ಅದು...

ಕ್ವೀನ್ಸ್‌ಬರಿಯ ನಮ್ಮ ಬೀದಿಯ ಕನ್ನಡದವರೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಬೆಳಗಾವಿಯ ಕಾರ್ಖಾನೆಯೊಂದರಲ್ಲಿ ಜೀವಮಾನವಿಡೀ ಉಕ್ಕಿಗೆ ಹದ ಕೊಟ್ಟವರು. ಮಗನ ಜೊತೆ ಇರಲು ಈ ಇಂಗ್ಲಿಷರ ದೇಶಕ್ಕೆ ಬಂದ ಮೇಲೂ ಟೀವಿ ಮುಂದೆ ಕೂರುವ ಜಾಯಮಾನ ಅವರದಲ್ಲ. ಜನ ಕಾರಿನ ಡಿಕ್ಕಿಯಲ್ಲಿಟ್ಟು ಹಳೆ ಸಾಮಾನು ಮಾರುವ ಕಾರ್ ಬೂಟ್ ಸೇಲ್‌ಗಳಲ್ಲಿ ಹಳೆಯ ಗರಗಸ ಹುಡುಕಿ ತಂದು, ಅದರಿಂದ ಈಳಿಗೆಮಣೆಗೆ ಅಲಗು ಮಾಡಿಕೊಡುತ್ತಿದ್ದರು. ದೂರದ ಸಟನ್‌ನಿಂದಲೂ ಹೆಂಗಸರು ಬರುತ್ತಿದ್ದರು. ಶೆಡ್ಡಿನ ಮುಂದೆ ಇಬ್ಬರು ಮೂವರು ಕಾದು ನಿಂತ ದಿನ ಕಾಕಾ ಅವರ ನಡಿಗೆಯೇ ಬೇರೆಯಾಗಿರುತ್ತಿತ್ತು.

ಅಲಗನ್ನು ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದಿದರೆ ಚುಂಯ್ ಎನ್ನುತ್ತಿತ್ತು. ಅಲ್ಲಿಗೆ ಅದು ಬರೀ ಗಡಸು, ಗಾಜಿನಂತೆ ಒಡೆಯುವ ಗಡಸು. ಅವರ ಹೆಂಡತಿ ಕಾಕು ಗೊಣಗುತ್ತಿದ್ದರೂ ಕೇಳದೆ, ಅಡುಗೆಮನೆಯ ಓವನ್‌ನಲ್ಲಿ ಅದನ್ನು ಎರಡು ಗಂಟೆ ಮತ್ತೆ ಮೆಲ್ಲಗೆ ಕಾಯಿಸಿ, ಒಣಹುಲ್ಲಿನ ಬಣ್ಣ ಬಂದ ಮೇಲೆ ತೆಗೆಯುತ್ತಿದ್ದರು. "ಇಂಗ್ಲಿಷ್ ಮಂದಿ ಇದಕ್ಕ ಟೆಂಪರ್ ಅಂತಾರ ನೋಡವ್ವಾ. ಸಿಟ್ಟಿಗೂ ಅದ ಶಬ್ದ," ಎಂದು ಒಮ್ಮೆ ನಕ್ಕಿದ್ದರು. ನಾವು ಒಗ್ಗರಣೆ ಕೊಟ್ಟರೆ ಅದೂ ಇಂಗ್ಲಿಷಿನಲ್ಲಿ ಟೆಂಪರಿಂಗ್. ಕನ್ನಡದಲ್ಲಿ ಸಿಟ್ಟು, ಸಿಡುಕು, ಮುಂಗೋಪ ಎಂದು ಬೇರೆ ಬೇರೆ ಇವೆ, ಹದಕ್ಕೆ ಹದವೇ. ನನ್ನಲ್ಲಿ ಮೊದಲ ಮೂರೂ ಧಾರಾಳವಾಗಿದ್ದವು, ಕೊನೆಯದಕ್ಕೆ ಮಾತ್ರ ಬರ.

ಒಂದು ವರ್ಷ ಗೌರಿ ಹಬ್ಬಕ್ಕೆ ಹದಿನೈದು ಜನರನ್ನು ಊಟಕ್ಕೆ ಕರೆದಿದ್ದೆ. ಹಿಂದಿನ ಸಂಜೆ ಶೆಡ್ಡಿಗೆ ಹೋದಾಗ ನಾನು ಮಾಡಲು ಹೇಳಿದ್ದ ಅಲಗು ಆಗಷ್ಟೇ ಎಣ್ಣೆಯಿಂದ ಹೊರಬಂದಿತ್ತು.

"ನಾಳೆ ಒಯ್ಯವ್ವಾ. ಇನ್ನೊಮ್ಮೆ ಕಾಸೂದೈತಿ."

"ಅಯ್ಯೋ, ಇರ್ಲಿ ಬಿಡಿ ಕಾಕಾ, ಒಂದ್ ದಿನಕ್ಕೆ ಏನಾಗತ್ತೆ!" ಎಂದು, ಅವರು ಕೈ ಒರೆಸಿಕೊಳ್ಳುವಷ್ಟರಲ್ಲಿ ಎತ್ತಿಕೊಂಡು ಬಂದೆ. ಅದನ್ನು ಮಣೆಗೆ ಕೂರಿಸಿದ್ದೂ ನಾನೇ.

ಬೆಳಗ್ಗೆ ಕುಂಬಳಕಾಯಿಯ ಮೊದಲ ಒತ್ತಿಗೇ ಅಲಗು ಟಕ್ಕೆಂದು ಮುರಿದು, ಒಂದು ಚೂರು ಪಕ್ಕದಲ್ಲಿ ಕೂತಿದ್ದ ನನ್ನ ಆರು ವರ್ಷದ ಮಗಳ ಹುಬ್ಬಿಗೆ ಬಡಿಯಿತು. ಆಸ್ಪತ್ರೆ, ಎರಡು ಹೊಲಿಗೆ. ಪುಣ್ಯಕ್ಕೆ ಕಣ್ಣಿಗೆ ಏನೂ ಆಗಿರಲಿಲ್ಲ. ವಾಪಸು ಬಂದವಳು ನೇರ ಕಾಕಾ ಅವರ ಬಾಗಿಲಿಗೆ ಹೋದೆ. ಊಟಕ್ಕೆ ಬಂದವರೆಲ್ಲ ನೋಡುತ್ತಿದ್ದಂತೆ, "ಕೆಲಸ ಬರದಿದ್ರೆ ಯಾಕ್ರೀ ಮಾಡ್ತೀರಿ?" ಎಂದು ಕೂಗಾಡಿದೆ. ಹಿಂದಿನ ಸಂಜೆಯ ಮಾತನ್ನು ಅವರು ಎತ್ತಲೇ ಇಲ್ಲ.

"ನಂದ ತಪ್ಪಾತವ್ವಾ. ಕೂಸು ಹೆಂಗೈತಿ?" ಎಂದರು.

ಅದಾದ ಮೇಲೆ ಹೆಂಗಸರು ಬರುವುದನ್ನು ನಿಲ್ಲಿಸಿದರು. ಶೆಡ್ಡಿಗೆ ಬೀಗ ಬಿತ್ತು. ನಿಜ ಗೊತ್ತಿದ್ದವರು ಇಬ್ಬರೇ, ಅವರು ಮತ್ತು ನಾನು. ನಾಳೆ ಹೇಳೋಣ, ಎಲ್ಲರೆದುರೇ ಹೇಳೋಣ ಎಂದುಕೊಳ್ಳುತ್ತಿದ್ದೆ. ಸಿಟ್ಟು ಒಂದೇ ದಿನದಲ್ಲಿ ಇಳಿದಿತ್ತು, ನಾಚಿಕೆ ಇಳಿಯಲಿಲ್ಲ. ಬಸ್ ಸ್ಟಾಪಿನಲ್ಲಿ ಅವರು ಕಂಡರೆ ಫೋನನ್ನು ಕಿವಿಗಿಟ್ಟುಕೊಂಡು ರಸ್ತೆ ದಾಟಿಬಿಡುತ್ತಿದ್ದೆ. ಎಂಥ ಹೇಡಿ ನಾನು! ಎರಡು ಚಳಿಗಾಲ ಹೀಗೇ ಕಳೆದವು... ಮೂರನೆಯದರಲ್ಲಿ ಅವರು ತೀರಿಹೋದರು. ಅದಾಗಿ ಎಂಟು ವರ್ಷವಾಯಿತು.

ಹೋದ ಶನಿವಾರ ಆ ವಾಸನೆ ಮೂಗಿಗೆ ಬಡಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋಗಿ ಪಕ್ಕದ ಮನೆಯ ಬೆಲ್ ಒತ್ತಿದೆ. ಕಾಕು ಬಾಗಿಲು ತೆರೆದು ಒಳಗೆ ಕೂರಿಸಿದರು. ಅವರು ಬೇರೆ ಮಾತು ತೆಗೆಯುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಬೈದರೆ ಬೈಯಲಿ, ಎದೆಯಾದರೂ ಹಗುರಾದೀತು ಎಂದು ಕಾದೆ.



"ಶೆಡ್ಡಿಗೆ ಕೀಲಿ ಹಾಕಿದಾಕಿ ನಾನವ್ವಾ," ಎಂದರು ಕಾಕು. "ಕೂಸಿನ ಕಣ್ಣ ಹೋಗತಿತ್ತು, ಇನ್ನ ಆ ಕೆಲಸ ಮುಟ್ಟಿದ್ರ ನನ್ನಾಣಿ ಐತಿ ಅಂದಿದ್ದೆ. ಸಾಯೂತನಕ ಮುಟ್ಟಲಿಲ್ಲ. ಒಮ್ಮಿಯಾದ್ರೂ ನನಗ ಹೇಳಬೇಕಿತ್ತಲ್ಲ ಅವರು..."

ಹೇಳಬೇಕಾಗಿದ್ದವಳು ನಾನು. ಕಾಕು ಎದ್ದು ಒಳಗೆ ಹೋದರು. ಚಹಾ ಇಡಲು ಹೋಗಿರಬೇಕೆಂದು ಕೂತೇ ಇದ್ದೆ. ಅವರು ಮತ್ತೆ ಹೊರಗೆ ಬರಲಿಲ್ಲ.