ಕಾಲು ಮುಂದಾಗಿ ಹುಟ್ಟಿದವಳು

ನಾನು ಕಾಲು ಮುಂದಾಗಿ ಹುಟ್ಟಿದವಳು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಕಷ್ಟಪಟ್ಟವಳು ಅಮ್ಮ. ಆದರೆ ಅಂಥವರು ತುಳಿದರೆ ಉಳುಕಿದ ಸೊಂಟ ಸರಿಯಾಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಮದುವೆಯಾಗಿ ಭಟ್ಕಳಕ್ಕೆ ಬಂದ ಮೇಲೂ ಮಾವಳ್ಳಿ, ಶಿರಾಲಿಯಿಂದ ಮೀನುಬುಟ್ಟಿ ಹೊರುವ ಹೆಂಗಸರು ಬಂದು, ನಮ್ಮ ಜಗಲಿಯಲ್ಲಿ ಬೋರಲು ಮಲಗಿ ತುಳಿಸಿಕೊಂಡು ಹೋಗುತ್ತಿದ್ದರು.

ಎಂಬತ್ತರ ದಶಕದ ಶುರುವಿನಲ್ಲಿ ಒಂದು ದಿನ, ಮೀನು ಹಿಡಿಯುವ ಲಾಂಚಿನ ಇಂಜಿನು ಎತ್ತಲು ಹೋದ ನನ್ನ ಗಂಡ ಸೊಂಟ ಹಿಡಿದುಕೊಂಡು ಮನೆಗೆ ಬಂದರು. ವೈದ್ಯೆ ಮನೆಯಲ್ಲೇ ಇರುವಾಗ ಡಾಕ್ಟರು ಯಾಕೆ? ಮೂರು ಸಲ ತುಳಿದೆ. ಮರುದಿನ ಬೆಳಿಗ್ಗೆ ಅವರು, "ಬಲಗಾಲು ನಂದೇ ಅಂತ ಅನ್ಸುದೇ ಇಲ್ಲ. ಎಂತ ಆತೇ ಇದಕ್ಕೆ?" ಎಂದರು. ಅವತ್ತೇ ಹೊನ್ನಾವರಕ್ಕೆ ಕರೆದುಕೊಂಡು ಹೋದೆ.

ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ ಜಾರಿ ನರ ಒತ್ತುತ್ತಿದೆ ಎಂದರು ಹೊನ್ನಾವರದ ಡಾಕ್ಟರು. ತುಳಿದದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಗಂಡನೂ ಹೇಳಲಿಲ್ಲ. ಡಾಕ್ಟರು ಎರಡು ದಾರಿ ತೋರಿಸಿದರು. ಹಲಗೆಯ ಮೇಲೆ ಅಲುಗಾಡದೆ ಮಲಗಿ, ಕಾಲಿಗೆ ಭಾರ ಕಟ್ಟಿ ಎಳೆಸುವುದು ಒಂದು. ಇನ್ನೊಂದು ಹೊಸದು, ಅದಕ್ಕೆ ಮುಂಬಯಿಗೇ ಹೋಗಬೇಕು: ಕೊಯ್ಯದೆ, ಉದ್ದ ಸೂಜಿಯಿಂದ ಪಪ್ಪಾಯಿ ಹಾಲಿನ ಸತ್ವ ಚುಚ್ಚಿ ಮೆತ್ತೆಯನ್ನು ಕರಗಿಸುವುದಂತೆ.

ಪಪ್ಪಾಯಿ ಎಂದೊಡನೆ ನನಗೆ ನೆನಪಾದದ್ದು ಮಟನ್ನು. ಪಕ್ಕದ ಮನೆಯ ಜುಲೇಖಾಬಿ ಮಟನ್ನಿಗೆ ಪಪ್ಪಾಯಿಕಾಯಿ ಅರೆದು ಹಚ್ಚಿಡುತ್ತಿದ್ದಳು. ಎಂಥ ಮುದಿ ಆಡಾದರೂ ಬೆಣ್ಣೆಯ ಹಾಗೆ ಬೇಯುತ್ತಿತ್ತು. ಮೆತ್ತೆ ಕರಗಿಸಿದ ಹಾಲು ಪಕ್ಕದ ನರಕ್ಕೆ ಮರ್ಯಾದೆ ಕೊಡುತ್ತದೆಯೇ?

"ಹೆಚ್ಚಿನವರು ಮಲಗಿಯೇ ಗುಣವಾಗ್ತಾರಮ್ಮಾ. ಕಾಲು ಮರಗಟ್ಟಿದ್ದು ನಿಧಾನ ಹೋಗ್ತದೆ. ಕಾಲಿನ ಶಕ್ತಿಯೇ ಕುಂದಿದ್ರೆ, ಮೂತ್ರ ಕಟ್ಟಿದ್ರೆ ಮಾತ್ರ ಒಂದು ಗಳಿಗೆಯೂ ಕಾಯ್ಬೇಡಿ" ಎಂದರು ಡಾಕ್ಟರು.

ಹಲಗೆಯೇ ಆಗಲಿ ಎಂದೆವು. ಕಾಲಿಗೆ ಇಟ್ಟಿಗೆಯ ಚೀಲ ನೇತುಬಿಟ್ಟೆವು. ಆದರೆ ಡಾಕ್ಟರ ಆ 'ಮಾತ್ರ' ನನ್ನನ್ನು ಕೂರಲು ಬಿಡಲಿಲ್ಲ. ಗಂಡ ಉಚ್ಚೆಗೆ ತಡಮಾಡಿದರೆ ನನಗೆ ಬೆವರು. ಬೆಳಿಗ್ಗೆ ಸಂಜೆ ಸೆರಗಿನ ಪಿನ್ನು ತೆಗೆದು ಅವರ ಬಲ ಅಂಗಾಲಿಗೆ ಚುಚ್ಚುತ್ತಿದ್ದೆ.

"ಗೊತ್ತಾತಾ?"

"ಇಲ್ಲ."

ಹದಿನೈದು ದಿನ ಅದೇ ಉತ್ತರ. ತಪ್ಪು ಇಂಜಿನಿನದೋ ನನ್ನ ಪಾದದ್ದೋ ಇವತ್ತಿಗೂ ಗೊತ್ತಿಲ್ಲ, ಆಗಂತೂ ನನ್ನದೇ ಎಂದು ಖಾತ್ರಿಯಿತ್ತು. ಗಂಡನ ಕಾಲು ತೆಗೆದವಳು ಎಂಬ ಹೆಸರು ಹೊತ್ತು ಬದುಕುವುದು ಹೇಗೆಂದು ಒಲೆಯ ಮುಂದೆ ಕೂತು ಅಳುತ್ತಿದ್ದೆ.

ಹದಿನಾರನೆಯ ದಿನ ಆಸೆ ಬಿಟ್ಟು, ಸ್ವಲ್ಪ ಜೋರಾಗಿಯೇ ಚುಚ್ಚಿದೆ.

"ಅಯ್ಯೋ, ಕೊಲ್ತ್ಯೇನೆ! ತಲೆಗಿಲೆ ಕೆಟ್ಟಿದ್ಯ ನಿಂಗೆ?"

ಬೈಗುಳ ಓಣಿಯ ತುದಿಗೆ ಕೇಳಿರಬೇಕು. ಪಿನ್ನು ಕೈಯಿಂದ ಜಾರಿತು. ಅವರ ಪಾದ ಹಿಡಿದುಕೊಂಡು, "ಇನ್ನೊಂದ್ಸಲ ಬೈಯ್ರಿ" ಎಂದೆ. ಮದುವೆಯಾದಾಗಿನಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಕೇಳಿ ಬೈಸಿಕೊಂಡದ್ದು ಅದೊಂದೇ ಸಲ.